ಬಿಳಿ ಕುರಿಗೆ ಕೊಟ್ಟ ಸೊನ್ನೆ

ನಾನು ನಿವೃತ್ತಳಾದದ್ದು ಮೂವತ್ತಮೂರನೆಯ ವಯಸ್ಸಿನಲ್ಲಿ. ಹಾರ ಹಾಕಿದರು, ಶಾಲು ಹೊದಿಸಿದರು. ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗುವ ಗುತ್ತಿಗೆ ಕೆಲಸ ಅದು. ಆರನೆಯ ಸಲ ಹೊಸದಾಗಲಿಲ್ಲ, ಏಕೆಂದರೆ ಯೋಜನೆಯೇ ಮುಗಿದಿತ್ತು. ಆದರೂ ಸಭೆಯಲ್ಲಿ ಮಾತನಾಡಿದವರು ನನ್ನ ವಿಶ್ರಾಂತ ಜೀವನ ಸುಖಮಯವಾಗಲಿ ಎಂದು ಹಾರೈಸಿದರು. ನಾನು ಕೈಮುಗಿದು ಕುಳಿತೆ. ಈಗ ಅದೇ ಬಗೆಯ ಇನ್ನೊಂದು ಯೋಜನೆ ಶುರುವಾಗಿದೆ. ಹೊಸದಾಗಿ ಸೇರಿದ ಹುಡುಗಿಯರು ಫೋನ್ ಮಾಡಿ, "ಮೇಡಂ, ಹಳ್ಳಿಗೆ ಹೋಗಿ ಏನ್ ಮಾಡಬೇಕ್ರಿ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ವಿವರಿಸುವಷ್ಟು ಮಾತು ನನಗೆ ಬರುವುದಿಲ್ಲ. ಬರೆಯಲು ಬರುತ್ತದೆ, ಅದಕ್ಕೇ ಇದು.

ಕೆಲಸ ಹೇಳಲು ಸುಲಭ. ಯಾದಗಿರಿ, ಶಹಾಪುರ, ಸುರಪುರದ ಸುತ್ತಲಿನ ಅಂಗನವಾಡಿಗಳಿಗೆ ಹೋಗಬೇಕು. ಎಲ್‌ಕೆಜಿಗೆ ಸೇರುವ ಮುಂಚಿನ ಮಕ್ಕಳಿಗೆ ಆಟ, ಕಥೆ, ಮಾತಿನಲ್ಲೇ ಕಲಿಸುವುದು ಹೇಗೆಂದು ಅಲ್ಲಿನ ಕಾರ್ಯಕರ್ತೆಯರಿಗೆ ತೋರಿಸಬೇಕು. ಆಮೇಲೆ ಮಕ್ಕಳು ಎಷ್ಟು ಕಲಿತರು ಎಂದು ಅಳೆದು ಮೇಲಕ್ಕೆ ಕಳಿಸಬೇಕು. ತೋರಿಸುವುದನ್ನು ಬಿಟ್ಟರೆ ಯಾರೂ ಕೇಳುವುದಿಲ್ಲ. ಅಳೆಯುವುದನ್ನು ಬಿಟ್ಟರೆ ಸಂಜೆಯೊಳಗೆ ಮೂರು ಫೋನ್ ಬರುತ್ತವೆ.

ಮೊದಲನೆಯ ಮಾತು: ಕುರ್ಚಿಯ ಮೇಲೆ ಕೂಡಬೇಡಿ. ನೀವು ಬಾಗಿಲಲ್ಲಿ ಕಾಣಿಸಿದ ಕೂಡಲೇ ಎಲ್ಲಿಂದಲೋ ಒಂದು ಕುರ್ಚಿ ಬರುತ್ತದೆ, ಸೆರಗಿನಿಂದ ಒರೆಸುತ್ತಾರೆ. ಅದರ ಮೇಲೆ ಕುಳಿತರೆ ಇಪ್ಪತ್ತು ಮಕ್ಕಳು ಎದ್ದು ನಿಂತು, ಕೈಕಟ್ಟಿ, "ಅ ಆ ಇ ಈ" ಎಂದು ಸೂರು ಹಾರುವಂತೆ ಕೂಗುತ್ತಾರೆ. ನನ್ನ ಮೊದಲ ತಿಂಗಳ ವರದಿಯಲ್ಲಿ ನಾನು ಮೂರು ತಾಲೂಕಿನ ಮಕ್ಕಳೆಲ್ಲ ಅಕ್ಷರಸ್ಥರೆಂದು ಬರೆದಿದ್ದೆ. ಎರಡನೆಯ ತಿಂಗಳು ಶಹಾಪುರದ ಒಂದು ಕೇಂದ್ರದಲ್ಲಿ, ಗೋಡೆಯ ಮೇಲಿನ ‘ಎ’ಯನ್ನು ತೋರಿಸಿ ಇದೇನು ಎಂದು ಒಂದು ಹುಡುಗಿಯನ್ನು ಕೇಳಿದೆ. ಆಕೆ ನನ್ನನ್ನೊಮ್ಮೆ ನೋಡಿ ‘ಅ’ದಿಂದ ಹೊರಟಳು. ಪ್ರತಿ ಅಕ್ಷರಕ್ಕೂ ನಿಂತು ಹೊರಡುವ ಬಸ್ಸಿನ ಹಾಗೆ ಬಂದು, ‘ಎ’ಯನ್ನು ದಾಟಿ, ‘ಅಃ’ದಲ್ಲಿ ಇಳಿದಳು. "ಎಲ್ಲಾ ಬಂತು, ಅದೂ ಅದರಾಗೇ ಅದ," ಎಂದಳು. ತಪ್ಪೆಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಅಂದಿನಿಂದ ನೆಲದ ಮೇಲೆ ಕೂಡಲು ಶುರುಮಾಡಿದೆ. ಒಂದು ವಾರ ಕಳೆದರೆ ಮಕ್ಕಳು ನಿಮ್ಮನ್ನು ಮರೆಯುತ್ತಾರೆ, ಆಗ ಕೆಲಸ ಶುರುವಾಗುತ್ತದೆ.

ತಂದೆತಾಯಿಯರು ಮರೆಯುವುದಿಲ್ಲ. ಶಹಾಪುರದಲ್ಲಿ ಬಳೆ ಅಂಗಡಿಯ ರೆಹಾನಾ ದಿನವೂ ಮಗನನ್ನು ಬಿಡಲು ಬಂದು ನನ್ನ ಮೇಲೆ ಒಂದು ಕಣ್ಣಿಟ್ಟೇ ಹೋಗುತ್ತಿದ್ದಳು. ಒಂದು ದಿನ ನಿಂತು ಕೇಳಿಯೇಬಿಟ್ಟಳು. "ಮನ್ಯಾಗ ಆಡೋದು ಬಿಡಸಾಕಂತ ಇಲ್ಲಿ ಕಳಸೀನ್ರಿ ಮೇಡಂ. ಇಲ್ಲೂ ಆಡಸಾಕತ್ತೀರಿ. ಹಂಗಾರ ನಮ್ಮ ಮನಿ ಏನ್ ಕೆಟ್ಟಿತ್ತು?" ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಆರು ವಾಕ್ಯಗಳನ್ನು ಒಂದರ ಹಿಂದೆ ಒಂದು ಹೇಳಿದೆ. ಅವಳು ತಾಳ್ಮೆಯಿಂದ ಕೇಳಿ, ಪಕ್ಕದವಳಿಗೆ "ಬಾತಾಂ ಅಚ್ಛೇ ಕರ್ತೀ" ಎಂದು ಹೇಳಿ ಹೋದಳು. ಮಾತು ಚೆನ್ನಾಗಿ ಆಡುತ್ತಾಳೆ ಎಂದರ್ಥ. ಅದು ಹೊಗಳಿಕೆಯಲ್ಲ ಎಂಬುದು ಧ್ವನಿಯಲ್ಲೇ ಇತ್ತು.

ತರಬೇತಿಯ ಪುಸ್ತಕವನ್ನು ಪೂರ್ತಿ ನಂಬಬೇಡಿ ಎಂಬುದಕ್ಕೆ ನನ್ನದೇ ಒಂದು ಉದಾಹರಣೆ ಇದೆ. ಪುಸ್ತಕದಲ್ಲಿ ನೀರಾಟ ಎಂಬುದೊಂದಿತ್ತು. ಲೋಟದಿಂದ ಲೋಟಕ್ಕೆ ನೀರು ಸುರಿಯುತ್ತ ಮಕ್ಕಳು ಹೆಚ್ಚು, ಕಡಿಮೆ, ಅರ್ಧ ಎಂಬುದನ್ನು ಕಲಿಯಬೇಕು. ಯಾದಗಿರಿಯ ಕಡೆಯ ಒಂದು ಹಳ್ಳಿಯಲ್ಲಿ ಇದನ್ನು ಮೇ ತಿಂಗಳಿಗೆ ಇಟ್ಟವಳು ನಾನೇ. ನಲ್ಲಿಗೆ ಮೂರು ದಿನದಿಂದ ನೀರು ಬಂದಿರಲಿಲ್ಲ. ಕಾರ್ಯಕರ್ತೆ ಖಾಲಿ ಲೋಟಗಳನ್ನು ಮಕ್ಕಳ ಮುಂದಿಟ್ಟು, "ಆಡ್ರಿ" ಎಂದಳು. ಮಕ್ಕಳು ಒಂದು ನಿಮಿಷ ಯೋಚಿಸಿ, ಲೋಟಗಳನ್ನು ಸಾಲಾಗಿ ಇಟ್ಟು, ಜಗಳ ಆರಂಭಿಸಿದರು.

"ನಂದು ಮೊದಲನೇದು! ಮುಂಜಾನಿಯಿಂದ ಇಟ್ಟೀನಿ!"

"ನಿನ್ನ ಹಿಂದ ಯಾರಿದ್ದರು? ನಾ ಇದ್ದೆ. ನಾ ಎರಡನೇದು. ಅಕಿ ನಡುಕ್ ಬಂದಾಳ!"

"ಏ, ಹಿರೇ ಮನಿಷ್ಯಾಳು ನಾನು, ಸರಿ ಆ ಕಡಿ."

ಹಿರಿಯ ಮನುಷ್ಯಳಿಗೆ ಮೂರೂಮುಕ್ಕಾಲು ವರ್ಷ. ಅರ್ಧ ಗಂಟೆಯಲ್ಲಿ ಮೊದಲನೆಯದು, ಎರಡನೆಯದು, ಕೊನೆಯದು, ಮುಂದೆ, ಹಿಂದೆ, ನಡುವೆ ಎಲ್ಲವೂ ಬಂದುಹೋದವು. ಜೊತೆಗೆ ನಾನು ವರದಿಯಲ್ಲಿ ಬರೆಯಲಾಗದ ನಾಲ್ಕೈದು ಬೈಗುಳಗಳೂ ಬಂದವು. ‘ನೀರಾಟ ಯಶಸ್ವಿ’ ಎಂದು ಕಳಿಸಿದೆ. ಅದರಲ್ಲಿ ಸುಳ್ಳಿರಲಿಲ್ಲ, ನೀರು ಮಾತ್ರ ಇರಲಿಲ್ಲ.

ನಮ್ಮ ಮೇಲಿನವರ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಜಿಲ್ಲಾ ಸಂಯೋಜಕರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಒಳ್ಳೆಯವರು, ಫೋಟೊ ಎಂದರೆ ಪ್ರಾಣ. ಮಣ್ಣಿನಲ್ಲಿ ರೊಟ್ಟಿ ತಟ್ಟುತ್ತಿದ್ದ ಮಕ್ಕಳನ್ನು ಎಬ್ಬಿಸಿ, ಕೈತೊಳೆಸಿ, ಸಾಲಾಗಿ ನಿಲ್ಲಿಸಿ ಅವರು ತೆಗೆದ ‘ಮಣ್ಣಿನಾಟ’ದ ಚಿತ್ರ ಬಹಳ ದಿನ ಕಚೇರಿಯ ಗೋಡೆಯ ಮೇಲಿತ್ತು. ಒಂದು ಮಗುವಿನ ಕೈಯಲ್ಲೂ ಮಣ್ಣಿರಲಿಲ್ಲ.

ಮೂರನೆಯ ವರ್ಷ ಕಾಗದ ಹೋಗಿ ಫೋನ್ ಬಂತು. ಮೊದಲು ಮಗುವಿನ ಬಗ್ಗೆ ನಾಲ್ಕು ಸಾಲು ಬರೆಯುತ್ತಿದ್ದೆವು: ಯಾರ ಜೊತೆ ಆಡಿತು, ಏನು ಕೇಳಿತು, ಏಕೆ ಅತ್ತಿತು. ಈಗ ಮೂವತ್ತು ಪ್ರಶ್ನೆ. ಸರಿ ಎಂದರೆ ಒಂದು, ಇಲ್ಲ ಎಂದರೆ ಸೊನ್ನೆ. ಕೊನೆಯಲ್ಲಿ ಮಗುವಿನ ಹೆಸರಿನ ಮುಂದೆ ಹಸಿರು, ಹಳದಿ ಅಥವಾ ಕೆಂಪು. ಒಮ್ಮೆ ಕಳಿಸಿದರೆ ತಿದ್ದಲು ಬರುವುದಿಲ್ಲ. ಕೆಲಸ ಬಹಳ ಬೇಗ ಮುಗಿಯುತ್ತಿತ್ತು. ನನ್ನ ದೊಡ್ಡ ತಪ್ಪಿಗೆ ಆ ವೇಗವೇ ಕಾರಣ ಎಂದು ಹೊಣೆಯನ್ನು ಫೋನಿನ ಮೇಲೆ ಹಾಕಬಹುದು. ಹಾಕುವುದಿಲ್ಲ, ಒತ್ತಿದ ಬೆರಳು ನನ್ನದು.

ಸುರಪುರದ ಕಡೆಯ ಕಕ್ಕೇರಾದ ಸುತ್ತ ಹೊಲಗಳ ನಡುವೆ ದೊಡ್ಡಿಗಳೆಂಬ ಪುಟ್ಟ ಪುಟ್ಟ ವಸತಿಗಳಿವೆ. ಅಂಥ ಒಂದು ದೊಡ್ಡಿಯ ಅಂಗನವಾಡಿಯ ಕಾರ್ಯಕರ್ತೆ ದೇವಕ್ಕ. ಅವಳ ಕೇಂದ್ರದಲ್ಲಿ ನಿಂಗಿ ಎಂಬ ಹುಡುಗಿ ಇದ್ದಳು. ನಾಲ್ಕು ತುಂಬಿತ್ತು, ಮುಂದಿನ ಜೂನ್‌ಗೆ ಕಕ್ಕೇರಾದ ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಹೋಗಬೇಕಾದವಳು. ಮನೆಯವರು ಕುರಿ ಸಾಕುವವರು. ನಾನು ಹೋದಾಗ ಮಧ್ಯಾಹ್ನವಾಗಿತ್ತು, ಆ ದಿನದ ಹದಿನೇಳನೆಯ ಮಗು ನಿಂಗಿ.

ಚಿತ್ರದ ಕಾರ್ಡು ಹಿಡಿದೆ. ಹಸು ಸರಿ, ಕಾಗೆ ಸರಿ. ಕುರಿಯ ಕಾರ್ಡು ಬಂತು. ಯಾವುದೋ ದೇಶದ ಹಸಿರು ಹುಲ್ಲಿನ ಮೇಲೆ ನಿಂತ, ಬೆಳ್ಳಗೆ ಉಬ್ಬಿಕೊಂಡಿದ್ದ ಕುರಿ. ನಿಂಗಿ ಅದನ್ನು ಬಹಳ ಹೊತ್ತು ನೋಡಿದಳು.

"ಹತ್ತಿ," ಎಂದಳು.

"ಸರಿಯಾಗಿ ನೋಡು ಪುಟ್ಟಿ."

ಮತ್ತೆ ನೋಡಿದಳು. "ಹತ್ತಿಗಿ ಕಾಲು ಬಂದಾವ."

ಸೊನ್ನೆ ಒತ್ತಿದೆ. ಬಣ್ಣದ ಕಾರ್ಡು ಹಿಡಿದೆ, ಕಂದುಗೆಂಪು. ಇದು ಯಾವ ಬಣ್ಣ ಎಂದರೆ, "ನಮ್ಮ ಕುರಿ," ಎಂದಳು. ಸೊನ್ನೆ. ಹತ್ತರವರೆಗೆ ಎಣಿಸು ಎಂದೆ. "ಏನ್ ಎಣಸ್ಲಿ?" ಎಂದಳು. ಸುಮ್ಮನೆ ಎಣಿಸು ಎಂದೆ. ಅಕ್ಕಪಕ್ಕ ನೋಡಿದಳು, ಎಣಿಸುವಂಥದ್ದು ಏನೂ ಕಾಣದೆ ಸುಮ್ಮನಾದಳು. ಸೊನ್ನೆ. ಉಳಿದ ಪ್ರಶ್ನೆಗಳಿಗೆ ಅವಳು ಬಾಯಿಯನ್ನೇ ತೆರೆಯಲಿಲ್ಲ. ಹೆಸರಿನ ಮುಂದೆ ಕೆಂಪು ಬಂತು. ಕಳಿಸಿದೆ.

ಯಾದಗಿರಿ ಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಕುರಿಯ ಪರಿಚಯ ತಟ್ಟೆಯಲ್ಲೇ ಹೆಚ್ಚು. ನಮ್ಮ ಕಡೆಯ ಕುರಿ ಬೆಳ್ಳಗಿರುವುದಿಲ್ಲ, ಕೆಂಪು ಮಣ್ಣಿನ ಬಣ್ಣಕ್ಕಿರುತ್ತದೆ ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ.

ನಾಲ್ಕು ದಿನದ ಮೇಲೆ ದೇವಕ್ಕನ ಫೋನ್ ಬಂತು. "ಮೇಡಂ, ಫೋನಿನ್ಯಾಗ ಏನ್ ಒತ್ತೀರಿ? ನಿಂಗಿನ್ನ ಬಿಡಸ್ಯಾರ."

ನಡೆದದ್ದು ಇಷ್ಟು. ಕೆಂಪು ಬಂದ ಮಗುವಿನ ತಂದೆಗೆ ತಾನಾಗಿಯೇ ಒಂದು ಸಂದೇಶ ಹೋಗುತ್ತಿತ್ತು. ನಿಂಗಿಯ ತಂದೆ ಅದನ್ನು ಕಕ್ಕೇರಾದ ಚಹಾ ಅಂಗಡಿಯಲ್ಲಿ ಕೊಟ್ಟು ಓದಿಸಿದ್ದ. ‘ನಿಮ್ಮ ಮಗುವಿನ ಕಲಿಕೆ ನಿಧಾನವಾಗಿದೆ.’ ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಅವನು ಹೆಂಡತಿಯೊಂದಿಗೆ ಕುರಿ ಹೊಡೆದುಕೊಂಡು ಕಾಲುವೆಯ ಕಡೆಗೆ ಹೊರಡುತ್ತಿದ್ದ. ತಿರುಗಿ ಬರುವುದು ಮುಂಗಾರಿನ ಹೊತ್ತಿಗೆ. ಈ ವರ್ಷ ಅಂಗನವಾಡಿಗಾಗಿ ನಿಂಗಿಯನ್ನು ಅಜ್ಜಿ ಬೀರಮ್ಮನ ಜೊತೆ ದೊಡ್ಡಿಯಲ್ಲೇ ಬಿಡುವುದೆಂದು ಮಾತಾಗಿತ್ತು. ಕಲಿಯಲಾರದ ಕೂಸಿಗಾಗಿ ಒಂದು ಒಲೆಯನ್ನು ಬೇರೆ ಉರಿಸುವುದೇಕೆ? ಅಜ್ಜಿ ಮೊಮ್ಮಗಳು ಇಬ್ಬರೂ ಕುರಿಯ ಜೊತೆ ಹೊರಡುವುದೆಂದು ತೀರ್ಮಾನವಾಯಿತು. ಹೋದರೆ ನಿಂಗಿ ಶಾಲೆಗೆ ಮುಂಚಿನ ಕೊನೆಯ ಏಳು ತಿಂಗಳನ್ನು ಕಳೆದುಕೊಂಡು, ‘ದಡ್ಡಿ’ ಎಂಬ ಹೆಸರು ಹೊತ್ತು ನೇರ ಎಲ್‌ಕೆಜಿಗೆ ಹೋಗುತ್ತಿದ್ದಳು. ಬಹುಶಃ ಹೋಗುತ್ತಲೇ ಇರಲಿಲ್ಲ. ಸೋಮವಾರ ಹೊರಡುವವರಿದ್ದರು. ಆ ದಿನ ಶುಕ್ರವಾರ.

ಸಂಜೆ ಬಿಸಿಲಿರುವಾಗಲೇ ನಾನು ದೇವಕ್ಕನೊಂದಿಗೆ ಅವರ ಮನೆಗೆ ಹೋದೆ. ಬೀರಮ್ಮ ಅಂಗಳದಲ್ಲಿ ಕುಳಿತಿದ್ದಳು. ಅಲ್ಲಿ ಕುರ್ಚಿ ತರಲಿಲ್ಲ, ಒಳ್ಳೆಯದೇ ಆಯಿತು.

"ಬರ್ರಿ ಮೇಡಮ್ಮಾರ. ನಮ್ಮ ಕೂಸಿಗೆ ಕೆಂಪು ಕೊಟ್ಟಾಕಿ ನೀವೇನು?"

"ಹೌದ್ರಿ. ತಪ್ಪಾಗ್ಯಾದ. ಅದನ್ನ ಹೇಳಾಕಂತ ಬಂದೀನಿ."

"ಏನ್ ಕೇಳಿದ್ರಿ ಅಕಿಗೆ?"

ಚೀಲದಿಂದ ಕಾರ್ಡು ತೆಗೆದು ಕೊಟ್ಟೆ. ಬೀರಮ್ಮ ಅದನ್ನು ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದು ನೋಡಿ, ಸೊಸೆಯನ್ನು ಕರೆದಳು. ಸೊಸೆ ನೋಡಿ ಗಂಡನಿಗೆ ಕೊಟ್ಟಳು. ಇಡೀ ಮನೆಯೇ ಒಂದು ಕಾರ್ಡಿನ ಸುತ್ತ ನಿಂತಿತು.

"ಇದು ಯಾವ ಪ್ರಾಣಿ ಅಂತ ನೀವು ಹೇಳ್ರಿ," ಎಂದಳು ಬೀರಮ್ಮ.

"ಕುರಿ."

"ಎಂಥಾ ಕುರಿನ ತಾಯಿ! ಸಬಕಾರ ಹಚ್ಚಿ ತೊಳದಾಂಗ ಅದ!" ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ದೇವಕ್ಕ ನನ್ನ ಮುಖ ನೋಡದೆ ಬೇವಿನ ಗಿಡವನ್ನು ನೋಡಿದಳು.

ಅಷ್ಟರಲ್ಲಿ ಮೇಯಲು ಹೋದ ಕುರಿಗಳನ್ನು ಪಕ್ಕದ ಮನೆಯ ಹುಡುಗ ಹೊಡೆದುಕೊಂಡು ಬಂದ. ಎಳೆಯ ಮರಿಗಳನ್ನು ಹಗಲೆಲ್ಲ ಮುಳ್ಳುಬೇಲಿಯೊಳಗೆ ಬೇರೆ ಇಟ್ಟಿರುತ್ತಾರೆ. ಸಂಜೆ ಒಂದೊಂದನ್ನೇ ಎತ್ತಿ ಅದರದರ ತಾಯಿಗೆ ಬಿಡಬೇಕು. ತಂದೆ ಬೇಲಿಯೊಳಗೆ ಇಳಿದು ಮರಿ ಎತ್ತಿ ಕೊಡುತ್ತಿದ್ದ. ನಿಂಗಿ ಅದರ ಮುಖ ನೋಡಿ, ಎದೆಗೆ ಅವಚಿಕೊಂಡು, ಗುಂಪಿನೊಳಗೆ ನುಗ್ಗಿ ಒಂದು ಕುರಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ನನ್ನ ಕಣ್ಣಿಗೆ ಎಲ್ಲ ಕುರಿಗಳೂ ಒಂದೇ. ಹದಿನಾಲ್ಕು ಮರಿಗಳಾದವು. ಒಂದು ತಾಯಿಯೂ ಒದೆಯಲಿಲ್ಲ. ನಿಂಗಿ ತಿರುಗಿ ನಿಂತು, "ಅಪ್ಪಾ, ಕಿವಿ ಹರದದ್ದರ ಮರಿ ಬಂದಿಲ್ಲ," ಎಂದಳು. ತಂದೆ ಬೇಲಿಯ ಮೂಲೆಯಲ್ಲಿ ಮಲಗಿದ್ದ ಹದಿನೈದನೆಯದನ್ನು ಹುಡುಕಿ ತಂದ.

ಹೋಲಿಸುವುದು, ಬೇರ್ಪಡಿಸುವುದು, ಒಂದಕ್ಕೆ ಒಂದನ್ನು ಜೋಡಿಸುವುದು, ಉಳಿದದ್ದನ್ನು ಗುರುತಿಸುವುದು. ನನ್ನ ಮೂವತ್ತು ಪ್ರಶ್ನೆಗಳಲ್ಲಿ ಹನ್ನೆರಡು ಅಲ್ಲೇ ನಡೆದುಹೋದವು, ನಾನು ಬೇಲಿಯ ಹೊರಗೆ ನಿಂತಿದ್ದೆ.

"ನೀವೂ ಒಂದು ಬಿಡ್ರಿ," ಎಂದು ಬೀರಮ್ಮ ಒಂದು ಮರಿಯನ್ನು ತಾಯಿಯಿಂದ ಬಿಡಿಸಿ, ನಾಲ್ಕು ಸುತ್ತು ತಿರುಗಿಸಿ ನನ್ನ ಕೈಗೆ ಕೊಟ್ಟಳು. ನಾನು ಆದಷ್ಟು ಶಾಸ್ತ್ರೀಯವಾಗಿ ಮರಿಯ ಹಣೆಯ ಚುಕ್ಕೆ ನೋಡಿ, ಅಂಥದೇ ಚುಕ್ಕೆಯ ಕುರಿಯನ್ನು ಹುಡುಕಿ ಅದರ ಮುಂದೆ ಇಟ್ಟೆ. ಅದು ಮರಿಯನ್ನು ಮೂಸಿ, ನನ್ನ ಮೊಣಕಾಲಿಗೆ ಗುದ್ದಿತು.

"ಸೊನ್ನಿ!" ಎಂದಳು ಬೀರಮ್ಮ. "ಫೋನಿನ್ಯಾಗ ಹಾಕ್ಕೊಳ್ರಿ. ಸಾಲಿ ಬಿಟ್ಟು ನೀವೂ ನಮ್ಮ ಕುರಿ ಹಿಂದ ಬರ್ರಿ, ಸೋಮವಾರ ಹೊಂಟೀವಿ."

ಎಲ್ಲರೂ ನಕ್ಕರು. ನಿಂಗಿ ಮಾತ್ರ ನಗದೆ, ನನ್ನ ಕೈಯಿಂದ ಮರಿಯನ್ನು ತೆಗೆದುಕೊಂಡು ಸರಿಯಾದ ಕಡೆ ಬಿಟ್ಟು ಬಂದಳು. ಕಲಿಸುವವರು ಹೇಗಿರಬೇಕೆಂದು ನನ್ನ ಪುಸ್ತಕದಲ್ಲಿ ಎಂಟು ಪುಟಗಳಿದ್ದವು, ಅಷ್ಟನ್ನೂ ಅವಳು ಒಂದೇ ಸಲಕ್ಕೆ ಮಾಡಿ ತೋರಿಸಿದಳು.

ನಾನು ಗೆದ್ದೆ ಎಂದುಕೊಂಡೆ. ಹುಡುಗಿ ಜಾಣೆಯೆಂದು ಮನೆಯವರೇ ಸಾಬೀತು ಮಾಡಿದರಲ್ಲ. ಆಗ ಬೀರಮ್ಮ ಕೇಳಿದಳು.

"ಇಷ್ಟೆಲ್ಲಾ ಬರೋ ಕೂಸಿಗಿ ನಿಮ್ಮ ಅಂಗನವಾಡಿ ಯಾಕ ಬೇಕು?"

ಶಹಾಪುರದ ಆರು ವಾಕ್ಯಗಳು ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

"ಅಕಿಗೆ ಗೊತ್ತದ ಆಯಿ, ಹೇಳಾಕ ಬರಂಗಿಲ್ಲ. ನಾ ಕೇಳಿದ್ದು ತಪ್ಪಿತ್ತು, ಖರೆ. ಆದ್ರ ‘ನಮ್ಮ ಕುರಿ ಹಿಂಗಿರಂಗಿಲ್ಲ’ ಅಂತ ಅಕಿ ನನಗ ತಿರುಗಿ ಹೇಳಬೇಕಿತ್ತು. ಸುಮ್ಮಕಾದಳು. ಜೂನಿಗೆ ಸಾಲಿಗೆ ಹೋಗ್ತಾಳ. ಅಲ್ಲಿ ನನ್ನಂಥವರೇ ಇರ್ತಾರ, ಅಂಥಾವೇ ಚಿತ್ರ ಇರ್ತಾವ. ಹೊಸ ಮಂದಿ ಮುಂದ ಬಾಯಿ ಬಿಡಾಕ ಈಗ ಕಲೀಲಿಲ್ಲಂದ್ರ, ಅಲ್ಲಿ ದಿನಾ ಸೊನ್ನಿ ಬೀಳ್ತದ."

ಬೀರಮ್ಮ ನನ್ನ ಕಡೆಗೆ ಪೂರ್ತಿ ತಿರುಗಿದಳು. "ಅಂದ್ರ, ನಿಮ್ಮಂಥವರ ಕೈಯಾಗಿಂದ ಉಳಸಾಕ ನಿಮ್ಮ ಕಡೀನ ಕಳಸಬೇಕು?"

"ಹೌದ್ರಿ."

ಐದೂವರೆ ವರ್ಷದ ಕೆಲಸದಲ್ಲಿ ನಾನು ಕೊಟ್ಟ ಅತಿ ಪ್ರಾಮಾಣಿಕ ಉತ್ತರ ಅದು. ಅದರಿಂದ ಏನೂ ಆಗಲಿಲ್ಲ. ನಿಂಗಿಯ ತಂದೆ, "ನೋಡೂಣ್ರಿ," ಎಂದ. ನಮ್ಮ ಕಡೆ ಹಾಗೆಂದರೆ ಇಲ್ಲ ಎಂದೇ ಅರ್ಥ.

ನಾವು ಎದ್ದೆವು. ಆಗ ನಿಂಗಿ ದೇವಕ್ಕನ ಸೆರಗು ಹಿಡಿದಳು.

"ಅಕ್ಕೋರ, ನರಿ ಬಾವ್ಯಾಗ ಬಿದ್ದಿತ್ತಲ್ಲ. ಮ್ಯಾಲ ಬಂತಾ?"

ದೇವಕ್ಕನ ಪದ್ಧತಿಯೊಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವಳು ಯಾವ ಕಥೆಯನ್ನೂ ಒಂದೇ ದಿನ ಮುಗಿಸುವವಳಲ್ಲ. ಊಟದ ಹೊತ್ತಿಗೆ ಸರಿಯಾಗಿ ಯಾರನ್ನಾದರೂ ಬಾವಿಗೋ ಬೆಂಕಿಗೋ ಬೀಳಿಸಿ ಎದ್ದುಬಿಡುತ್ತಿದ್ದಳು. ತರಬೇತಿಯಲ್ಲಿ ನಾವು ಕೊಟ್ಟ ಕಥೆಗಳೆಲ್ಲ ಹತ್ತು ನಿಮಿಷಕ್ಕೆ ನೀತಿಯ ಸಮೇತ ಮುಗಿಯುವಂಥವು. ಅವನ್ನು ಅವಳು ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದಳು.

"ನಾಳಿ ಹೇಳ್ತೀನಿ," ಎಂದಳು ದೇವಕ್ಕ.

"ನಾಳಿ ನಾ ಬರಂಗಿಲ್ಲಲ್ಲ."

"ಹಂಗಾರ ನಿನಗ ಗೊತ್ತಾಗಂಗಿಲ್ಲ."

"ಈಗ ಹೇಳ್ರಿ."

"ಇಲ್ಲವ್ವಾ. ಕಥಿ ಅಂಗನವಾಡ್ಯಾಗ ಅದ, ನನ್ನ ಕಡಿ ಇಲ್ಲ."

ನಿಂಗಿ ಸೆರಗನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ನನಗೆ ಸಂಕಟವಾಯಿತು. ಆದರೆ ಮಾತನಾಡಿದ್ದು ಬೀರಮ್ಮ.

"ಏ ದೇವಕ್ಕ, ಏನ್ ಸೊಕ್ಕದಲೇ ನಿನಗ! ಹೇಳಬಾರದೇನು? ಮೂರು ದಿನ ಆತು, ಆ ನರಿ ನೀರಾಗ ಅದ. ದಿನಾ ಸಂಜಿಗೆ ಇಕಿ ಬಂದು ನನಗ ಹೇಳಾಕಿ. ಆ ಆಮೆ ಏನೋ ಹಗ್ಗ ತರಾಕ ಹೋಗಿತ್ತಲ್ಲ, ಹಗ್ಗ ಸಿಕ್ತಾ?"

"ನಾಳಿ ಬರ್ರಿ, ಗೊತ್ತಾಗ್ತದ," ಎಂದು ದೇವಕ್ಕ ಚಪ್ಪಲಿ ಮೆಟ್ಟಿದಳು. ದಾರಿಯಲ್ಲಿ ನಾನು, ಪಾಪ ಹೇಳಬಹುದಿತ್ತಲ್ಲ ಎಂದೆ. "ನೀವು ಸುಮ್ಮನ ನಡೀರಿ ಮೇಡಂ," ಎಂದಳು.

ಶನಿವಾರ ನಾನು ಸೊನ್ನೆಯನ್ನು ಅಳಿಸಲು ಸಾಹೇಬರ ಹತ್ತಿರ ಹೋದೆ. ‘ಮಗುವಿನ ತಪ್ಪಲ್ಲ, ಪರೀಕ್ಷಿಸಿದವಳ ತಪ್ಪು’ ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು.

"ಇಂಥಾ ಅರ್ಜಿ ಯಾರೂ ಕೊಟ್ಟಿಲ್ರಿ. ಇದಕ್ಕ ಕಾಲಮ್ ಇಲ್ಲ."

"ಹೊಸದಾಗಿ ಇನ್ನೊಂದು ಸಲ ಪರೀಕ್ಷೆ ಮಾಡಲು ಬಿಡಿ ಸರ್. ಕಾರ್ಡು ನಾನೇ ಬರೆಯುತ್ತೇನೆ, ಕಂದುಗೆಂಪಿನ ಕುರಿ."

"ಬಿಳಿದು ಛಲೋ ಕಾಣ್ತದಲ್ರಿ ಫೋಟೊದಾಗ," ಎಂದರು. ಆದರೂ ಒಪ್ಪಿಕೊಂಡರು, ಮಗು ಕೇಂದ್ರದಲ್ಲಿ ಹಾಜರಿದ್ದರೆ ಮಾತ್ರ ಎಂಬ ಷರತ್ತಿನ ಮೇಲೆ. ಎಲ್ಲವೂ ತಿರುಗಿ ಅಲ್ಲಿಗೇ ಬಂದು ನಿಂತಿತು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಕಕ್ಕೇರಾ ದಾಟಿದ ಮೇಲೆ ಕುರಿಗಳು ರಸ್ತೆಯ ತುಂಬ ಎದುರಾದವು, ಬಸ್ಸು ನಿಂತಿತು. ಕಿಟಕಿಯಿಂದ ನೋಡಿದೆ. ಮುಂದೆ ನಿಂಗಿಯ ತಂದೆ, ಹಿಂದೆ ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ತಾಯಿ. ಇನ್ನಿಬ್ಬರಿಗಾಗಿ ಕೊನೆಯ ಕುರಿ ದಾಟುವವರೆಗೂ ಕಣ್ಣು ಹಾಯಿಸಿದೆ. ಕಾಣಲಿಲ್ಲ. ಧೂಳು ಬಹಳವಿತ್ತು, ನನ್ನ ಕಣ್ಣನ್ನು ನಾನು ನಂಬಲಿಲ್ಲ.

ಅಂಗನವಾಡಿಯ ಹೊಸ್ತಿಲ ಮೇಲೆ ಬೀರಮ್ಮ ಕಾಲು ಚಾಚಿ ಕುಳಿತಿದ್ದಳು. ಒಳಗೆ ನಿಂಗಿ ಪಕ್ಕದವಳೊಂದಿಗೆ ಜಾಗಕ್ಕಾಗಿ ಜಗಳವಾಡುತ್ತಿದ್ದಳು, ಬಾಯಿ ಬಿಟ್ಟು, ಜೋರಾಗಿ. ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಬಿಡಿಸಲು ಹೋಗುತ್ತಿದ್ದ ಸಹಾಯಕಿಯನ್ನು ನಾನೇ ತಡೆದೆ.

"ಮಗ ಸಿಟ್ಟಾಗಿ ಹೋಗ್ಯಾನ," ಎಂದಳು ಬೀರಮ್ಮ ನನಗೆ. "ನಾ ಅಂದೆ, ನನ್ನ ಮೊಣಕಾಲು ನೋವು, ನಡಿಯಾಕ ಆಗಂಗಿಲ್ಲ, ಕೂಸು ನನ್ನ ಕಡೀನ ಇರಲಿ ಅಂತ." ಮೊಣಕಾಲನ್ನು ಒಂದೆರಡು ಸಲ ನೀವಿಕೊಂಡಳು. ಕಥೆ ಶುರುವಾದ ಕೂಡಲೇ ಸರ್ರನೆ ಒಳಗೆ ಸರಿದು ಮಕ್ಕಳ ಹಿಂದೆ ಕುಳಿತಳು.

ಆ ದಿನ ಆಮೆಗೆ ಹಗ್ಗ ಸಿಕ್ಕಿತು. ಮೋಟು ಹಗ್ಗ, ನರಿಯವರೆಗೆ ಮುಟ್ಟಲಿಲ್ಲ. ಊಟದ ಹೊತ್ತಾಯಿತು. ಬೀರಮ್ಮ ದೇವಕ್ಕನನ್ನು ಬೈಯುತ್ತ ಮೊಮ್ಮಗಳ ತಟ್ಟೆ ತೊಳೆಯಲು ಹೋದಳು. ನಾನು ಬರೆದು ತಂದ ಕಂದುಗೆಂಪು ಕುರಿಯ ಕಾರ್ಡು, ಊಟ ಮುಗಿಯಲೆಂದು ಚೀಲದಲ್ಲೇ ಕಾಯುತ್ತಿತ್ತು.

ನಾನು ದೇವಕ್ಕನನ್ನು ಪಕ್ಕಕ್ಕೆ ಕರೆದು, ದಾಖಲೆಗೆ ಬೇಕು ಎಂದು ಸುಳ್ಳು ಹೇಳಿ, ನರಿ ಮೇಲೆ ಬರುವುದು ಯಾವಾಗ ಎಂದು ಕೇಳಿದೆ. ಅವಳು ಹೊಸ್ತಿಲ ಕಡೆ ನೋಡಿ ಧ್ವನಿ ತಗ್ಗಿಸಿದಳು.

"ಕುರಿ ತಿರುಗಿ ಊರಿಗೆ ಬರಲಿ ತಡೀರಿ ಮೇಡಂ. ಅಲ್ಲೀತನಕ ನರಿ ಬಾವ್ಯಾಗೇ ಇರ್ತದ."